ಪುಡಿಯಜ್ಜನ ಕೈಗುಣ

“ಕಳ್ಳ ಹೊಕ್ಕಿದ್ದ ಮನೇಲಿ ಹೆಜ್ಜೆಗುರುತು ಉಳಿದಿರುತ್ತಲ್ಲ ಯಜಮಾನ್ರೇ, ನಿಮ್ಮ ಗೆಡ್ಡೆಯೊಳಗೂ ಹಾಗೇ ಉಳಿದಿದೆ,” ಎಂದರು ಡಾಕ್ಟರಮ್ಮ. “ಯಾರ ಹೆಜ್ಜೆ ಅಂತಾನೂ ಗೊತ್ತಾಯ್ತು.”

ಪುಡಿಯಜ್ಜ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತ. ಒಂದು ಮೂತ್ರಪಿಂಡವನ್ನು ಕ್ಯಾನ್ಸರ್ ಗೆಡ್ಡೆ ಸಮೇತ ತೆಗೆದುಹಾಕಿದ್ದರು. ಹೊಲಿಗೆ ಒಣಗಿತ್ತು, ನಾಲಿಗೆ ಮಾತ್ರ ಒಣಗಿರಲಿಲ್ಲ. ಈ ಮಾತು ಕೇಳಿದ್ದೇ ಅದೂ ಒಣಗಿತು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಮೈಯ ಒಂದೊಂದು ಜೀವಕೋಶದೊಳಗೂ ಒಂದು ಬರಹವಿದೆ. ಅದರಲ್ಲಿ ತಪ್ಪುಗಳು ಸೇರಿಕೊಂಡಾಗ ಗೆಡ್ಡೆ ಹುಟ್ಟುತ್ತದೆ. ಆದರೆ ಆ ಬರಹವನ್ನು ಕೆಡಿಸುವವರೆಲ್ಲ ಒಂದೇ ಥರ ಕೆಡಿಸುವುದಿಲ್ಲ. ಸಿಗರೇಟಿನ ಹೊಗೆ ಮಾಡಿಸುವ ತಪ್ಪು ಒಂದು ಬಗೆ, ಬಿಸಿಲು ಮಾಡಿಸುವುದು ಇನ್ನೊಂದು ಬಗೆ. ತಪ್ಪುಗಳ ಚಾಳಿ ನೋಡಿದರೆ ಮಾಡಿಸಿದವರು ಯಾರೆಂದು ತಿಳಿಯುತ್ತದೆ. ಅಜ್ಜನ ಗೆಡ್ಡೆಯಲ್ಲಿ ಕಂಡದ್ದು ಒಂದು ಕಾಡುಬಳ್ಳಿಯ ಬೇರಿನ ಗುರುತು.

“ನಿಮ್ಮ ಪುಡಿಗೆ ಆ ಬೇರನ್ನೇ ಹಾಕ್ತೀರಂತೆ?”

ಅಜ್ಜ ಹೆಂಡತಿಯ ಕಡೆ ನೋಡಿದ. ಹೇಳಿದವಳು ಅವಳೇ, ಅದೂ ಹೆಮ್ಮೆಯಿಂದ. ಹೇಳದೆ ಇನ್ನೇನು? ಅಜ್ಜನ ಅಂಗಡಿಯ ಹೆಸರಿನ ಹಲಗೆಯ ಮೇಲೇ ಬಳ್ಳಿಯ ಚಿತ್ರವಿತ್ತು. ಬೀದಿಯ ಅರ್ಧ ಜನ ಮೈಕೈ ನೋವಿಗೆ ಮದ್ದೆಂದು ಬೆಳಗೆದ್ದು ಬಿಸಿನೀರಿಗೆ ಒಂದು ಚಮಚ ಪುಡಿ ಕದಡಿಕೊಂಡು ಕುಡಿಯುತ್ತಿದ್ದರು. ಅಜ್ಜ ಹಿತ್ತಲಿನ ಕೋಣೆಯ ಅಗುಳಿ ಹಾಕಿಕೊಂಡು ಒಬ್ಬನೇ ಹುರಿದು, ಒಬ್ಬನೇ ಕುಟ್ಟುತ್ತಿದ್ದ. ಆ ಘಮಕ್ಕೆ ಪಕ್ಕದ ಬೇಕರಿಯವನು, ನನ್ನ ಒಲೆಯೂ ಇಷ್ಟು ಹಸಿವು ಹುಟ್ಟಿಸಲ್ಲ ಅಜ್ಜ, ಎಂದು ನಗುತ್ತಿದ್ದ. ಮಂಡಿನೋವಿಗೆಂದು ಹೆಂಡತಿ ಕುಡಿಯುವ ಲೋಟವನ್ನಂತೂ ಅಜ್ಜನೇ ಕದಡಿ ಕೈಗೆ ಕೊಡುತ್ತಿದ್ದ, ಮೂವತ್ತು ವರ್ಷದಿಂದ.

“ಅವರನ್ನೆಲ್ಲ ಕರೆಸಿ ಪರೀಕ್ಷೆ ಮಾಡ್ಬೇಕು,” ಎಂದರು ಡಾಕ್ಟರಮ್ಮ.

“ನನ್ನ ಪುಡಿಯಿಂದ ಯಾರಿಗೂ ಏನೂ ಆಗಲ್ಲ ತಾಯಿ.”

“ನಿಮಗೇ ಆಗಿದೆಯಲ್ಲ?”

ಅಜ್ಜ ಹೊದಿಕೆಯ ಅಂಚನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಬದುಕಿಡೀ ಗಳಿಸಿದ್ದು ಅದೊಂದೇ, ಬೀದಿಯಲ್ಲಿ ಒಳ್ಳೆಯ ಹೆಸರು. ಅದು ಈಗ ಬೆಂಕಿಯ ಮುಂದಿನ ಬೆಣ್ಣೆಯಾಗಿತ್ತು.

ಸುದ್ದಿಗೆ ಕಾಲು ಬಂತು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಓಡಿಬಂದು, ತನ್ನ ಪಕ್ಕೆ ಮುಟ್ಟಿಕೊಂಡು, ನಂದೂ ತೆಗೀಬೇಕಾ ಎಂದು ಕೇಳಿದ. ಬೀಗ ರಿಪೇರಿಯವನು ಬಾಗಿಲಲ್ಲೇ ನಿಂತು, ಹಲಗೆ ಕಿತ್ತು ಒಲೆಗೆ ಹಾಕ್ತೀವಿ ಎಂದ. ಅಜ್ಜನ ಸೊರಗಿದ ಮುಖ ನೋಡಿದ ಮೇಲೆ ಅವನ ದನಿಯೇ ತಗ್ಗಿತು.

“ಹೋಗ್ಲಿ ಬಿಡು,” ಎಂದ ಬೇಕರಿಯವನಿಗೆ. “ಪಾಪ, ಅಜ್ಜ ತಾನು ತಿಂದದ್ದನ್ನೇ ನಮಗೂ ಕೊಟ್ಟ. ವಿಷವೋ ಅಮೃತವೋ, ಮೋಸ ಅಂತೂ ಮಾಡ್ಲಿಲ್ಲ.”

ಆ ಮಾತು ಅಜ್ಜನಿಗೆ ಹೊಲಿಗೆಯ ಸೂಜಿಗಿಂತ ಆಳಕ್ಕೆ ಚುಚ್ಚಿತು. ಅವನು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಬೀದಿಯ ಜನರೆಲ್ಲ ಮೂತ್ರದ ಸೀಸೆ ಹಿಡಿದು ಸಾಲಾಗಿ ನಿಂತರು. ಫಲಿತಾಂಶ ಬಂತು. ಯಾರಲ್ಲೂ ಏನೂ ಇಲ್ಲ. ಬೇಕರಿಯವನು ಆಸ್ಪತ್ರೆಗೆಲ್ಲ ಬನ್ನು ಹಂಚಿದ. ಡಾಕ್ಟರಮ್ಮನ ಹುಬ್ಬು ಮಾತ್ರ ಸಡಿಲಲಿಲ್ಲ. ಅಷ್ಟು ವರ್ಷ ಅದೇ ಪುಡಿ ತಿಂದವರಲ್ಲಿ ಸಾಸಿವೆಯಷ್ಟೂ ಗುರುತಿಲ್ಲ ಎಂದರೆ ನಂಬುವುದು ಹೇಗೆ? ಇವತ್ತು ಕಾಣದ್ದು ನಾಳೆ ಕಾಣಬಹುದು. ಎಲ್ಲರಿಗಿಂತ ಹೆಚ್ಚು ತಿಂದವಳು ಅಜ್ಜನ ಹೆಂಡತಿ. ಆದ್ದರಿಂದ ಮೊದಲು ಅವಳಿಗೆ ಮೂತ್ರದ ದಾರಿಯಲ್ಲಿ ನಳಿಕೆ ಇಳಿಸಿ ನೋಡಬೇಕು, ಆಮೇಲೆ ಬದುಕಿರುವ ತನಕ ಆಗಾಗ ನೋಡುತ್ತಲೇ ಇರಬೇಕು ಎಂದರು.

ಸೂಜಿ ಕಂಡರೆ ಕಣ್ಣು ಕತ್ತಲೆ ಬರುವ ಹೆಂಗಸು ಅವಳು. ನರ್ಸ್ ತಂದ ಹಸಿರು ನಿಲುವಂಗಿಯನ್ನು ಕೈಗೆ ತೆಗೆದುಕೊಂಡು ಗಂಡನ ತಲೆ ಸವರಿದಳು.

“ನೀವು ಮುಖ ಸಣ್ಣ ಮಾಡ್ಬೇಡಿ. ನೀವು ಪಟ್ಟಿದ್ದನ್ನ ನಾನೂ ಪಡ್ತೀನಿ. ಒಂದೇ ಮದ್ದು ಕುಡಿದವರಲ್ವಾ ನಾವು?”

ಅವಳು ಹೊರಡಲು ಏಳುತ್ತಿದ್ದಂತೆ ಅಜ್ಜ ಸೆರಗು ಹಿಡಿದು ಕೂರಿಸಿದ.

“ಇವಳಿಗೆ ನಳಿಕೆ ಬೇಡ ತಾಯಿ.”

“ಯಾಕೆ?”

“ಆ ಬೇರು ಸಿಗೋದೇ ಕಷ್ಟ. ವರ್ಷವಿಡೀ ಹುಡುಕಿದ್ರೆ ಒಂದು ಹಿಡಿ. ಹಂಚಿದ್ರೆ ಯಾರಿಗೂ ಸಾಲಲ್ಲ ಅಂತ…” ಅಜ್ಜ ಸೆರಗು ಬಿಟ್ಟ. “ನಾನೊಬ್ಬನೇ ತಿಂದೆ.”

“ಮತ್ತೆ ಬೀದಿಯವರಿಗೆ ಕೊಟ್ಟಿದ್ದು?”

“ಹುರಿದ ಗೋಧಿ ಹಿಟ್ಟು. ಕಹಿಗೆ ಚೂರು ಮೆಂತ್ಯ.”

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಇಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು.

ಹೆಂಡತಿ ನಗಲಿಲ್ಲ. “ನನಗೂ ಹಿಟ್ಟೇನಾ?”

ಅಜ್ಜ ತಲೆ ತಗ್ಗಿಸಿದ.

“ಹಾಗಾದ್ರೆ ನನ್ನ ಮಂಡಿನೋವು ವಾಸಿ ಆಗಿದ್ದು?”

“ಅದು ಹೇಗೆ ಅಂತ ನಂಗೂ ಇವತ್ತಿನವರೆಗೆ ಅರ್ಥ ಆಗಿಲ್ಲ ಕಣೇ.”

ಅವಳು ನಿಲುವಂಗಿಯನ್ನು ಮಡಿಸಿ ನರ್ಸ್ ಕೈಗಿಟ್ಟು, ಎದ್ದು, ಬಾಗಿಲ ಕಡೆ ಎರಡು ಹೆಜ್ಜೆ ನೆಟ್ಟಗೆ ನಡೆದು, ಮೂರನೆಯದಕ್ಕೆ ಕುಂಟಿದಳು.