ಎಡಗೈ ಬ್ರೇಕು

“ಎಡಗೈ ಬ್ರೇಕು ಮುಂದಿನ ಚಕ್ರಕ್ಕೆ ಬರ್ಬೇಕು, ಬಲಗೈದು ಹಿಂದಿನದಕ್ಕೆ. ಅದಲುಬದಲು. ಆಗುತ್ತಲ್ವಾ?”

ಕೇಳಿದವನು ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ನಡುವಯಸ್ಸು, ಇಸ್ತ್ರಿ ಕೆಡದ ಅಂಗಿ, ಹಣೆಯ ಮೇಲೆ ಬೆವರು. ಕೈಯಲ್ಲಿ ಹೆಂಗಸರ ಅಳತೆಯ ಗುಡ್ಡದ ಸೈಕಲ್.

“ಯಾರದ್ದು ಸಾರ್ ಇದು?”

“ನನ್ನ ಹೆಂಡತೀದು.”

ರಿಪೇರಿಯವಳು ಎದ್ದು ಬಂದಳು. ಕೈಯಲ್ಲಿ ಸದಾ ನಟ್ಟು ಬಿಗಿಯುವ ಪಾನಾ ಹಿಡಿದೇ ಇರುತ್ತಾಳೆಂದು ಊರಿಗೆಲ್ಲ ಅವಳು ಪಾನಮ್ಮ. ಅವಳ ಅಂಗಡಿಯ ಹಿತ್ತಲಿನಿಂದಲೇ ಕಾಡಿನ ಸೈಕಲ್ ಹಾದಿ ಶುರು. ಮೊದಲು ಮರಗಳ ನಡುವೆ ಬರೀ ಏರು. ಆಮೇಲೆ ಕಡಲಂಚು, ಬಂಡೆಯ ನೆತ್ತಿಯಿಂದ ಒಂದೇ ಸಮನೆ ಇಳಿಜಾರು. ಎಡಕ್ಕೆ ಕಾಡು, ಬಲಕ್ಕೆ ಏನೂ ಇಲ್ಲ.

“ಬಂಡೆ ಹಾದೀಲಿ ಬೆಳಗ್ಗೆ ಜನ ಇರ್ತಾರಾ?”

“ವಾರದ ದಿನ ಕಾಗೆ ಕೂಡ ಇರಲ್ಲ.”

“ಒಳ್ಳೇದಾಯ್ತು,” ಎಂದ ಅವನು. “ನಾಳೆ ಅವಳು ಮುಂದೆ, ನಾನು ಹಿಂದೆ.”

“ಅಲ್ಲ ಸಾರ್, ಈ ಅದಲುಬದಲು ಯಾಕೆ...”

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ತುಟಿಯ ಮೇಲೆ ಬೆರಳಿಟ್ಟು ಅವಳ ಬಾಯಿ ಮುಚ್ಚಿಸಿದ. “ಔಷಧಿ ಅಂಗಡೀಲಿದೀನಿ ಕಣೇ. ಬಂದೆ, ಬಂದೆ.” ಫೋನು ಜೇಬಿಗಿಳಿಸಿ ಮೆಲ್ಲಗೆ ಹೇಳಿದ: “ಇದು ಅವಳ ಕಿವಿಗೆ ಬೀಳ್ಬಾರ್ದು. ನಾಳೆ ಬರ್ತೀವಿ.”

ಹೋಗೇಬಿಟ್ಟ.

ಪಾನಮ್ಮ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದಳು. ಟೈರಿನ ಮೇಲೆ ಮಣ್ಣಿನ ಗುರುತೂ ಇಲ್ಲ. ಅಂದರೆ ಕಾಡುಹಾದಿ ಕಂಡವಳಲ್ಲ ಈ ಹೆಂಡತಿ. ಅಂಥವಳನ್ನು ಕರೆದುಕೊಂಡು ಹೋಗುವುದು ಬಂಡೆಗೆ! ಅದೂ ಬ್ರೇಕು ಬದಲಿಸಿ!

ಈ ನಾಡಿನ ಸೈಕಲ್ಲುಗಳಿಗೆಲ್ಲ ಬಲಗೈ ಮುಂದಿನ ಚಕ್ರಕ್ಕೆ, ಎಡಗೈ ಹಿಂದಿನದಕ್ಕೆ. ಮಕ್ಕಳಾಗಿದ್ದಾಗ ಕೈ ಕಲಿತದ್ದನ್ನು ಮುಪ್ಪಿನವರೆಗೂ ಮರೆಯುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಹಿಂದಿನದೆಂದು ನಂಬಿ ಮುಂದಿನದನ್ನು ಗಟ್ಟಿಯಾಗಿ ಹಿಸುಕಿದರೆ ಸೈಕಲ್ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಆಮೇಲೆ ಯಾರು ನೋಡಿದರೂ ಅಯ್ಯೋ ಪಾಪ, ಆಯ ತಪ್ಪಿದಳು ಅನ್ನಬೇಕು, ಅಷ್ಟೆ.

ಪಾನಮ್ಮನಿಗೆ ತನ್ನ ಅಕ್ಕ ನೆನಪಾದಳು. ಮೆಟ್ಟಿಲಿಂದ ಜಾರಿ ಸತ್ತಳು ಎಂದಿದ್ದ ಭಾವ. ಊರು ನಂಬಿತು, ಪೊಲೀಸರು ನಂಬಿದರು. ಆ ಮನೆಗೆ ಇದ್ದದ್ದೇ ಮೂರು ಮೆಟ್ಟಿಲು.

ಅವಳು ಪಾನಾವನ್ನು ಮೊಳೆಗೆ ನೇತುಹಾಕಿದಳು. ಬ್ರೇಕನ್ನು ಮುಟ್ಟಲೇ ಇಲ್ಲ.

ಬೆಳಗ್ಗೆ ಕಾರು ಬಂದು ನಿಂತಿತು. ಬೆನ್ನಿಗೆ ಎರಡು ಸೈಕಲ್ ಕಟ್ಟಿಕೊಂಡಿತ್ತು. ಗಂಡನ ಹಿಂದೆಯೇ ಹೆಂಡತಿ ಇಳಿದಳು. ಬಿಸಿಲಿಗೆ ಕಂದಿದ ಮುಖ, ಮೊಣಕೈ ತುಂಬ ಹಳೆಯ ಗಾಯದ ಕಲೆಗಳು. ಅಂಗಡಿಯೊಳಗಿನ ಸೈಕಲ್ ನೋಡಿದವಳೇ ಕಿರುಚಿಬಿಟ್ಟಳು.

“ಇದೇನ್ರೀ ಇದು! ಹೊಸದಾ? ನಂಗಾ?”

“ಇಲ್ಲ, ಪಕ್ಕದ ಮನೆಯವಳಿಗೆ!” ಎಂದ ಗಂಡ.

ಪಾನಮ್ಮನಿಗೆ ಒಂದು ಗಳಿಗೆ ತನ್ನ ಅನುಮಾನದ ಮೇಲೇ ಅನುಮಾನ ಬಂತು. ಮರುಗಳಿಗೆ ತನಗೆ ತಾನೇ ಹೇಳಿಕೊಂಡಳು: ಕಡಿಯುವ ಕುರಿಗೂ ಮೊದಲು ಸೊಪ್ಪು ತೋರಿಸುತ್ತಾರೆ.

“ಆ ಬಂಡೆ ಹಾದೀಲೇ ಕಣಮ್ಮಾ ಇವರು ಮೊದಲ ಸಲ ಬಂದು ನಂಗೆ ಗುದ್ದಿದ್ದು!” ಹೆಂಡತಿ ಪಾನಮ್ಮನ ತೋಳು ಹಿಡಿದು ನಕ್ಕಳು. “ಗುದ್ದಿ, ಕ್ಷಮೆ ಕೇಳಿ, ಮದುವೇನೂ ಆದ್ರು. ಅವತ್ತಿಂದ ಇವರನ್ನ ನನ್ನ ಮುಂದೆ ಬಿಟ್ಟಿಲ್ಲ. ಹಿಂದೇನೇ ಬರ್ಬೇಕು.”

“ಇವತ್ತೂ ಹಿಂದೇನೇ,” ಎಂದ ಗಂಡ. ಅವನ ಕೈ ಹೊಸ ಸೈಕಲ್ಲಿನ ಬ್ರೇಕಿನ ಕಡೆ ಚಾಚಿತು.

“ಮುಟ್ಬೇಡಿ ಸಾರ್, ಎಣ್ಣೆ ಒರೆಸಿಲ್ಲ!” ಪಾನಮ್ಮ ನಡುವೆ ನುಗ್ಗಿ ಬಟ್ಟೆಯಿಂದ ಹಿಡಿಯನ್ನು ತಿಕ್ಕತೊಡಗಿದಳು. ಅವನು ಅವಳ ಮುಖವನ್ನೇ ನೋಡಿದ.

“ಹೇಳಿದ್ದು ಆಯ್ತು ತಾನೇ?”

“ಹೇಗಿರಬೇಕೋ ಹಾಗೇ ಇದೆ.”

ಅವನು ಉಸಿರು ಬಿಟ್ಟ. ಹೆಂಡತಿ ಎಡಗೈಯಲ್ಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

“ಹಳೇದನ್ನ ಸಂಜೆ ತಂಕ ಇಲ್ಲಿ ಇಟ್ಕೊಂಡಿರಿ ಅಮ್ಮಾ. ನಮ್ಮಪ್ಪ ಕೈಯಾರೆ ಕಟ್ಟಿಕೊಟ್ಟಿದ್ದು. ಅದರ ಮೇಲೆ ಕೂತ್ರೆ ಯೋಚನೆನೇ ಬೇಡ, ಕೈ ತಾನಾಗೇ ಹೋಗುತ್ತೆ. ಇದು ಹೇಗೋ ಏನೋ.”

“ಎಲ್ಲಾ ಹೇಳಿ ಮಾಡಿಸಿದೀನಿ. ಕಣ್ಣುಮುಚ್ಚಿ ಹತ್ತು,” ಎಂದ ಗಂಡ.

ಹೆಂಡತಿ ಪಾನಮ್ಮನ ಕಡೆ ತಿರುಗಿದಳು. “ನಂಬ್ಲಾ ಇವರನ್ನ?”

“ಅವರನ್ನ ಬಿಡಿ,” ಎಂದಳು ಪಾನಮ್ಮ. “ನನ್ನ ನಂಬಿ.”

ಇಬ್ಬರೂ ಹಿತ್ತಲಿನ ಏರು ಹತ್ತಿ ಮರಗಳ ನಡುವೆ ಮರೆಯಾದರು. ಏರಿನಲ್ಲಿ ಬ್ರೇಕು ಯಾರಿಗೆ ಬೇಕು? ಪಾನಮ್ಮ ಎರಡು ಪಂಕ್ಚರ್ ಹಾಕಿದಳು, ಒಂದು ಚೈನು ತೊಳೆದಳು. ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಇಳಿಸಿದ ಹಾಗಿತ್ತು. ಈ ಹೊತ್ತಿಗೆ ಬಂಡೆಯ ನೆತ್ತಿ ಮುಟ್ಟಿರುತ್ತಾರೆ, ಅಂದುಕೊಂಡಳು. ಗೋಡೆಗೆ ಒರಗಿಸಿದ್ದ ಹಳೆಯ ಸೈಕಲ್ಲಿಗೆ ಬಿಸಿಲು ಬಡಿಯುತ್ತಿತ್ತು. ಅದನ್ನು ಒಳಗೆ ತಳ್ಳಿಕೊಂಡು ಬಂದು, ಮೂಲೆಯಲ್ಲಿ ನಿಲ್ಲಿಸಲು ಬಣ್ಣ ಸವೆದ ಎಡಗೈ ಬ್ರೇಕನ್ನು ಹಿಸುಕಿದಳು.

ಮುಂದಿನ ಚಕ್ರ ಗಕ್ಕನೆ ನಿಂತು, ಹಿಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು.