ಅಜ್ಜಿಯ ಸೀರೆ ಹೊದ್ದ ಮರಿ

ಮೌನಿಕಾ ಬಿಡಿಸಿದ ಚಿತ್ರ ನೋಡಿ ಕಾಂತೇಶ ಸರ್ ನಕ್ಕ ನಗುವಿಗೆ, ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ರಾಯಚೂರು ಬಸ್ಸು ಬೆಚ್ಚಿಬಿದ್ದು ತಾನೇ ಹಾರ್ನ್ ಹೊಡೆಯಿತು. ಚಿತ್ರದಲ್ಲಿ ಹಗ್ಗದ ಮಂಚದ ಮೇಲೆ ಹಸಿರು ಸೀರೆ ಹೊದ್ದುಕೊಂಡು ಒಂದು ಕುರಿಮರಿ ಮಲಗಿತ್ತು.

ಅಂದು ಆ ಊರಿನ ಕಾಲೇಜಿನಲ್ಲಿ ಅತಿವಾಸ್ತವ, ಅಂದರೆ ಸರ್ರಿಯಲಿಸ್ಟ್, ಸಿನಿಮಾದ ಮೊದಲ ಪಾಠ. "ಈ ಸಿನಿಮಾ ಹುಟ್ಟಿದ್ದೇ ಚಿತ್ರಕಾರರ ಕನಸಿನಾಗ. ಕಣ್ಣು ಮುಚ್ಚಿದ್ರ ಏನು ಕಾಣ್ತೈತಿ, ಅದನ್ನ ಬಿಡಸ್ರಿ. ಆಮ್ಯಾಗ ಸಿನಿಮಾ ತೋರಸ್ತೀನಿ," ಎಂದು ಸರ್ ಹಾಳೆ ಹಂಚಿದ್ದರು. ಇಂಥ ಹುಚ್ಚು ಕಲ್ಪನೆ ಮೂರು ಲೋಕದಲ್ಲೂ ಇಲ್ಲವೆಂದು ಸಾರುತ್ತ ಈಗ ಮೌನಿಕಾಳ ಹಾಳೆಯನ್ನು ಎತ್ತಿ ಹಿಡಿದರು. ತರಗತಿಯ ನಗುವಿಗೆ ಗೋಡೆಯ ಸುಣ್ಣ ಉದುರಿತು.

"ಎಲ್ಲಿ ಬಿತ್ತವಾ ನಿನಗ ಈ ಕನಸು?"

"ಕನಸಲ್ರಿ ಸರ್. ತಾಯಿ ಸತ್ತ ಮರಿ ಅದು, ನಮ್ಮಜ್ಜಿ ಬಾಟ್ಲಿ ಹಾಲು ಕುಡಿಸಿ ಸಾಕಿದ್ಲು. ಹೋದ ತಿಂಗಳು ಅಜ್ಜಿ ತೀರಿಕೊಂಡ್ಲು. ಈಗ ಅಕಿ ಮಂಚದ ಮ್ಯಾಗ, ಅಕಿ ಸೀರಿ ಹೊಚ್ಚಿದ್ರಷ್ಟ ಹಾಲು ಕುಡೀತೈತಿ. ಕಣ್ಣು ಮುಚ್ಚಿದ್ರ ನನಗ ಅದ ಕಾಣ್ತೈತ್ರಿ."

ಅವಳು ಕೈ ಚಾಚಿದಳು. ಸರ್ ಹಾಳೆ ಕೊಟ್ಟರು. ಸೀರೆ ಮಡಚುವಷ್ಟು ಜೋಪಾನವಾಗಿ ಅವಳು ಅದನ್ನು ಮಡಚಿ ಚೀಲದೊಳಗಿಟ್ಟಳು. ಏಳೂರಿಗೆ ಕೇಳಿಸುವ ಗಂಟಲು ತಗ್ಗಿಸಿ ಸರ್ "ತಪ್ಪಾತವಾ" ಎಂದರು. ಅವರ ನಗು ಮಾತ್ರ ಆಗಲೇ ರಾಯಚೂರು ಬಸ್ಸು ಹತ್ತಿ ಕೃಷ್ಣಾ ಹೊಳೆ ದಾಟಿತ್ತು. ಬೆನ್ನಟ್ಟಿ ಓಡಿದರೂ ವಾಪಸ್ ತರುವ ಹಾಗಿರಲಿಲ್ಲ.