ಬಾವಿ ನೀರಿನ ಚಿಪ್ಪು

"ಕುಡಿ ಮಗಳೇ. ನಮ್ಮ ಬಾವಿ ನೀರಲ್ಲೇ ಕಲಸಿದ ಯಂಗೋನಾ," ಎಂದು ಊರಿನ ಮುಖ್ಯಸ್ಥ ರಾತು ಎಪೆಲಿ ಅತಿಥಿಗಳಿಗೆ ಕೊಡುವ ಆ ಬೇರಿನ ಪಾನೀಯ ತುಂಬಿದ ತೆಂಗಿನ ಚಿಪ್ಪನ್ನು ಮುಂದೆ ಹಿಡಿದರು. ದ್ವೀಪದ ರಾಜಧಾನಿ ಸುವಾದ ಸರ್ಕಾರಿ ಪರಿಸರ ಪ್ರಯೋಗಾಲಯದ ಮೇಲ್ವಿಚಾರಕಿ ವಸಿತಿಯ ಕಾಲ್ಬೆರಳು ಚಾಪೆಯನ್ನು ಕೆರೆಯುತ್ತಲೇ ಇತ್ತು. ಬೇಡವೆಂದರೆ ಹಿರಿಯರಿಗೆ ಅವಮಾನ. ಕುಡಿದರೆ, ನೀರಿನಲ್ಲಿ ಮಲದ ಕ್ರಿಮಿ ಕಂಡು ಬಾವಿ ಮುಚ್ಚಿಸಿದ ಅವಳ ಪರೀಕ್ಷಕ ಶೈಲೇನ್ ಊರಿನೆದುರು ಸುಳ್ಳುಗಾರನಾಗುತ್ತಾನೆ.

"ಬೇಡ ಮೇಡಂ," ಎಂದು ಪಕ್ಕದಲ್ಲೇ ಕೂತಿದ್ದ ಶೈಲೇನ್ ಪಿಸುಗುಟ್ಟಿದ.

"ಯಾಕಯ್ಯಾ, ನಿಮ್ ಮೇಡಂಗೂ ಭಯಾನಾ?" ರಾತು ನಕ್ಕರು. ಊರೆಲ್ಲ ನಕ್ಕಿತು.

ವಸಿತಿ ಪದ್ಧತಿಯಂತೆ ಒಮ್ಮೆ ಚಪ್ಪಾಳೆ ತಟ್ಟಿ, ಚಿಪ್ಪು ಇಸಿದುಕೊಂಡು ಒಂದೇ ಉಸಿರಿಗೆ ಬರಿದು ಮಾಡಿದಳು. ಶೈಲೇನ್ ತಲೆ ತಗ್ಗಿಸಿದ.

ಅವಳು ಬಾಯಿ ಒರೆಸಿಕೊಂಡು ಅವನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನಾಳೆ ಹೊಟ್ಟೆ ಕೆಡೋದು ಗ್ಯಾರಂಟಿ, ನಂಗೆ ರಜೆ ಹಾಕ್ಬಿಡು ಶೈಲೇನ್. ಬಾವಿ ಮುಚ್ಚೇ ಇರ್ಲಿ."